ಸಬ್‌ಮರೀನಿಗೆ ಕರೆಂಟ್ ಹತ್ತವಲ್ದು

ಅವ್ವ ಹೋದ ಮೇಲೆ ಅಪ್ಪ ಮಾತು ಬಿಟ್ಟ. ನಾನು ಅಳುವುದನ್ನು ಬಿಟ್ಟೆ, ಅಂದರೆ ಶುರುವನ್ನೇ ಮಾಡಲಿಲ್ಲ. ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯ ಮನೆಯಲ್ಲಿ ನಾವಿಬ್ಬರೇ. ಅವನು ಹೊರಕೋಣೆಯ ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದ. ನಾನು ಅದೇ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದು ಸಮುದ್ರದ ತಳದ ಆಟವೊಂದನ್ನು ಆಡುತ್ತಿದ್ದೆ. ಊಟಕ್ಕೆ ಕರೆದರೆ ಏಳುತ್ತಿದ್ದ, ಉಂಡು ಮತ್ತೆ ಮಲಗುತ್ತಿದ್ದ. ಮಾತಾಡಿಸಲು ಬಂದ ನೆಂಟರೆಲ್ಲ, “ಹಿಂಗ ಬಿಟ್ರ ಮನಷ್ಯಾ ಉಳಿಯೂದಿಲ್ಲವ್ವಾ, ಏನರೆ ಮಾತಾಡಸು” ಎಂದು ಹೇಳಿ ಚಹಾ ಕುಡಿದು ಹೋದರು. ಏನು ಮಾತಾಡಿಸಲಿ? ನನ್ನ ಹತ್ತಿರವೇ ಮಾತಿರಲಿಲ್ಲ.

ಆಟದಲ್ಲಿ ನನ್ನ ಜೊತೆಗಿದ್ದವಳು ಟಿಕೋಟಾದ ಗೆಳತಿ. ಸತ್ತವರ ಮನೆಯವರೊಡನೆ ಹೇಗೆ ಮಾತಾಡಬೇಕೆಂದು ಅವಳಿಗೆ ಗೊತ್ತಿರಲಿಲ್ಲ, ಅದಕ್ಕೇ ಅವಳೊಬ್ಬಳನ್ನು ಸಹಿಸಿಕೊಂಡಿದ್ದೆ. ಇಬ್ಬರೂ ಸೇರಿ ಒಂದು ಸಬ್‌ಮರೀನ್ ಕಟ್ಟಿದ್ದೆವು. ಅದಕ್ಕೆ ಜನರೇಟರ್ ಜೋಡಿಸುವಾಗ ಆಟವೇ ಎಡವುತ್ತಿತ್ತು. ಕೊಂಡಿ ಕೂಡುತ್ತಿತ್ತು, ಹಸಿರು ದೀಪ ಹತ್ತುತ್ತಿತ್ತು, ಶಕ್ತಿ ಮಾತ್ರ ಸೊನ್ನೆ. ಬಿಚ್ಚಿದರೆ ಒಂದು ಜನರೇಟರ್ ಎರಡಾಗುತ್ತಿತ್ತು. ಮತ್ತೆ ಜೋಡಿಸಿದರೆ ಅದು ಗೋಡೆ ತೂರಿ ಹೊರಗೆ ತೇಲುತ್ತಿತ್ತು, ಸಬ್‌ಮರೀನ್ ಇದ್ದಲ್ಲೇ ಗಿರಗಿರ ತಿರುಗುತ್ತಿತ್ತು. ನನಗೆ ಸಿಟ್ಟು ಬರಬೇಕಿತ್ತು, ಅದೂ ಬರಲಿಲ್ಲ. ಬಿಚ್ಚುವುದು, ಜೋಡಿಸುವುದು, ಅಷ್ಟೇ.

ಒಂದು ಭಾನುವಾರ ಮಧ್ಯಾಹ್ನ ಲ್ಯಾಪ್‌ಟಾಪಿನ ಸ್ಪೀಕರಿನಲ್ಲಿ ಗೆಳತಿ ಬೇಸತ್ತು ಹೇಳಿದಳು: “ಸಬ್‌ಮರೀನಕ್ಕ ಕರೆಂಟ್ ಹತ್ತವಲ್ದ ಲೇ. ಏನ್ ಮಾಡೂಣು?”

“ಒಂದ್ ಫೇಸ್ ಹೋಗಿರತೈತಿ,” ಎಂದ ಅಪ್ಪ, ಗೋಡೆಯ ಕಡೆಗೇ.

ಬೋರ್‌ವೆಲ್ಲಿಗೆ ಇಳಿಬಿಡುವ ಸಬ್‌ಮರ್ಸಿಬಲ್ ಮೋಟರು ನಮ್ಮ ಮಂದಿಯ ಬಾಯಲ್ಲಿ ‘ಸಬ್‌ಮರ್ಸಲ್’. ಜೈನಾಪುರದ ಹೊಲದಲ್ಲಿ ನಮ್ಮದೂ ಒಂದಿದೆ. ಅಪ್ಪನ ಕಿವಿಗೆ ಬಿದ್ದದ್ದು ಅದೇ.

“ಫ್ಯೂಜ್ ತಗದ ಹಾಕ್ಯಾರೇನ್ ಕೇಳು.”

“ಎಲ್ಲಾ ಬಿಚ್ಚಿ ಹಾಕೇವ್ರಿ ಕಾಕಾ,” ಎಂದಳು ಗೆಳತಿ, ಆಟದ ಬಗ್ಗೆಯೇ. “ಆದ್ರೂ ಹತ್ತವಲ್ದ್ರಿ.”

“ಹಂಗಾದ್ರ ಕೇಬಲ್ ಸುಟ್ಟೈತಿ. ಮೋಟರ್ ಮ್ಯಾಲ ಎತ್ತಬೇಕು.” ಅಪ್ಪ ಎದ್ದು ಕುಳಿತ. “ನನ್ನ ಅಂಗಿ ಎಲ್ಲಿ ಐತಿ? ನಡಿಯವ್ವಾ, ಹೊಲಕ್ಕ ಹೋಗೂಣು.”

ನಾನು ತಿದ್ದಲಿಲ್ಲ. ಎದ್ದವನನ್ನು ಮತ್ತೆ ಮಲಗಿಸುವ ನಿಜ ಯಾರಿಗೆ ಬೇಕಿತ್ತು? ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟೆ. ಬಬಲೇಶ್ವರ ದಾಟುವವರೆಗೂ ಅವನು ಸ್ಟಾರ್ಟರು, ಕೇಬಲ್ಲು, ಮೋಟರ್ ಎತ್ತುವ ಮಂದಿ ಎಂದು ನನ್ನ ಬೆನ್ನಿಗೆ ಹೇಳುತ್ತಲೇ ಇದ್ದ. ಇವನು ಉಳಿಯುತ್ತಾನೆ ಅನ್ನಿಸಿತು. ಖುಷಿಯಾಗಬೇಕಿತ್ತು, ಆಗಲಿಲ್ಲ.

ಹೊಲದಲ್ಲಿ ಮೋಟರ್ ಚೆನ್ನಾಗಿಯೇ ಓಡುತ್ತಿತ್ತು. ಆಟೋಕ್ಕೆ ಬಿಟ್ಟದ್ದು, ಕರೆಂಟ್ ಬಂದೊಡನೆ ತಾನೇ ಹತ್ತುತ್ತದೆ. ತೊಟ್ಟಿಗೆ ನೀರು ದಪ್ಪಗೆ ಬೀಳುತ್ತಿತ್ತು. ಅಪ್ಪ ಪೈಪಿನ ಬಾಯಿಗೆ ಬೊಗಸೆ ಒಡ್ಡಿ, ಮುಖ ತೊಳೆದುಕೊಂಡು, ನಗುತ್ತ ತಿರುಗಿದ.

“ಬಂತ ನೋಡು. ನಿಮ್ಮವ್ವಗ ಫೋನ್ ಹಚ್ಚು. ಚಿಂತಿ ಮಾಡಾಕತ್ತಿರತಾಳ.”

ನಾನು ಫೋನ್ ತೆಗೆದೆ. ಹೇಳಿದ್ದನ್ನು ಮಾಡುವುದಷ್ಟೇ ಆಗ ನನಗೆ ಬರುತ್ತಿತ್ತು. ಅಪ್ಪ ನನ್ನ ಕೈಯನ್ನೇ ನೋಡುತ್ತ ನಿಂತ. ಅವನ ನಗು ನಿಧಾನಕ್ಕೆ ಇಳಿಯಿತು.

“ಬ್ಯಾಡ ಬಿಡು,” ಎಂದ. ತೊಟ್ಟಿಯ ಕಟ್ಟೆಯ ಮೇಲೆ ಕುಳಿತು ಅಳತೊಡಗಿದ.

ಅಷ್ಟರಲ್ಲಿ ನಾನು ಹಚ್ಚಿಬಿಟ್ಟಿದ್ದೆ. ಮನೆಯಲ್ಲಿ ದೇವರ ಜಗಲಿಯ ಮೇಲೆ, ದಿನಾ ನಾನೇ ಚಾರ್ಜ್ ಮಾಡಿಡುವ ಅವ್ವನ ಫೋನ್ ರಿಂಗಾಗುತ್ತಿತ್ತು. ಕಿವಿಯಿಂದ ತೆಗೆಯಲು ನನಗಾಗಲಿಲ್ಲ.