ಡಿಬಗರ್‌ಗೆ ಕಾಣದ ತುಂಡು ನೂಲು

ಬೆಳಗಿನ ಐದೂವರೆ. ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಹಿಂದಿರುವ ಕಂಪ್ಯೂಟರ್ ಸೆಂಟರಿನ ಷಟರ್ ಎತ್ತಿ ಶಾಂತಕುಮಾರಿ ಕೆಲಸಕ್ಕೆ ಕೂರುತ್ತಾರೆ. ಎಂಟಕ್ಕೆ ಕರೆಂಟು ಹೋಗುತ್ತದೆ, ಅಷ್ಟರೊಳಗೆ ಮುಗಿಸಬೇಕು. ಬೇರೆಯವರು ಬರೆದ ಪ್ರೋಗ್ರಾಂ ಸರಿ ಇದೆಯೇ ಎಂದು ಬಿಡಿಬಿಡಿಯಾಗಿ ಪರೀಕ್ಷಿಸುವುದು ಅವರ ಪಾಲಿನ ಕೆಲಸ. ಅವರ ಹೆಸರು ಎಲ್ಲೂ ಬರುವುದಿಲ್ಲ.

ಹತ್ತಿರದ ನನ್ನಿವಾಳ ಎಂಬ ಊರಿನ ಕುರಿ ಕಾಯುವ ಮನೆತನದವರು. ಡಿಪ್ಲೊಮಾ ಮುಗಿಸಿ ಇಲ್ಲಿ ಸೇರಿದ್ದಾರೆ. "ನಮ್ಮವ್ವ ಇವತ್ತಿಗೂ ನಾನು ಟೈಪಿಂಗ್ ಮಾಡ್ತೀನಿ ಅಂತಲೇ ತಿಳ್ಕೊಂಡೈತೆ" ಎಂದು ನಗುತ್ತಾರೆ. ಮೊಳಕಾಲ್ಮೂರಿನ ಮಾತೆತ್ತಿದರೆ ನಗು ನಿಲ್ಲುತ್ತದೆ.

ಅಲ್ಲಿನ ನೇಕಾರರ ಸಂಘವೊಂದು ರೇಷ್ಮೆ ನೂಲನ್ನು ತೂಗಿ ಕೊಡುತ್ತದೆ. ಸೀರೆಯನ್ನೂ ಉಳಿದ ನೂಲನ್ನೂ ತೂಗಿ ವಾಪಸು ಪಡೆಯುತ್ತದೆ. ಕಡಿಮೆ ಬಿದ್ದರೆ ನೇಯ್ದವರ ಮೇಲೆ ಕಳ್ಳತನದ ಗುಮಾನಿ. ಹೋದ ವರ್ಷ, 2005ರಲ್ಲಿ, ಈ ಲೆಕ್ಕ ಇದೇ ಸೆಂಟರಿನ ಪ್ರೋಗ್ರಾಮಿನ ಮೂಲಕ ಕಂಪ್ಯೂಟರಿಗೆ ಬಂತು. ಕೆಲವೇ ತಿಂಗಳಲ್ಲಿ ಉಚ್ಚಂಗೆಮ್ಮ ಎಂಬ ನೇಕಾರ್ತಿಯ ಲೆಕ್ಕದಲ್ಲಿ ನೂಲು ಕಡಿಮೆ ಬಿತ್ತು. ಪ್ರೋಗ್ರಾಮನ್ನು ಸಾಲುಸಾಲಿಗೆ ನಿಲ್ಲಿಸಿ ಒಳಗಿನ ಅಂಕಿ ತೋರಿಸುವ ಡಿಬಗರಿನಲ್ಲಿ ಶಾಂತಕುಮಾರಿ ನೋಡಿದರೆ ಎಲ್ಲವೂ ಸರಿ. "ಕಂಪ್ಯೂಟರ್‌ದು ತಪ್ಪಿಲ್ಲ ಅಂತ ನಾನೇ ಫೋನಲ್ಲಿ ಹೇಳ್ದೆ" ಎನ್ನುತ್ತಾರೆ. ಆ ಮಾತಿನ ಮೇಲೆ ಸಂಘ ಉಚ್ಚಂಗೆಮ್ಮನಿಗೆ ನೂಲು ಕೊಡುವುದನ್ನು ನಿಲ್ಲಿಸಿತು.

ಎಡವಟ್ಟಾಗಿದ್ದು ಪರೀಕ್ಷೆಯಲ್ಲಿ. ತೂಕದ ಯಂತ್ರ ಇರುವುದು ಮೊಳಕಾಲ್ಮೂರಿನಲ್ಲಿ. ಅದಿಲ್ಲದೆ ಪರೀಕ್ಷಿಸಲು, ತೂಕವನ್ನು ಅಂಕಿಯಾಗಿಸುವ ಫಂಕ್ಷನ್, ಅಂದರೆ ಕಂಪ್ಯೂಟರ್ ಭಾಷೆಯೊಳಗೇ ಇರುವ ಸಿದ್ಧ ಆಜ್ಞೆಯ ಜಾಗದಲ್ಲಿ ಅದೇ ಹೆಸರಿನ ನಕಲಿಯೊಂದನ್ನು ಅವರು ಕೂರಿಸಿದ್ದರು. ಡಿಬಗರ್ ಕೂಡ ಆ ಹೆಸರನ್ನೇ ಕರೆಯುತ್ತಿತ್ತು, ನಕಲಿಯೇ ಓಗೊಟ್ಟು ಪೂರ್ತಿ ತೂಕ ಹೇಳುತ್ತಿತ್ತು. ಸಂಘದಲ್ಲಿದ್ದ ಅಸಲಿ ಮಾತ್ರ ಪ್ರತಿ ತೂಕದಲ್ಲೂ ಇಡೀ ಗ್ರಾಂಗಳನ್ನಷ್ಟೇ ಉಳಿಸಿಕೊಂಡು, ಮಿಕ್ಕ ಅರ್ಧ ಗ್ರಾಂ, ಕಾಲು ಗ್ರಾಂ ಕತ್ತರಿಸಿ ಎಸೆಯುತ್ತಿತ್ತು. "ನಾನು ಕೂರಿಸಿದ್ ನಕಲೀನೇ ನಂಗೆ ಸಾಕ್ಷಿ ಹೇಳ್ತಿತ್ತು ಕಣ್ರಿ. ನಂಬ್ಬಿಟ್ಟೆ."

ಹೊಟ್ಟೆ ಉರಿಯುವುದು ಮುಂದಿನದಕ್ಕೆ. ಉಚ್ಚಂಗೆಮ್ಮ ಮಗ್ಗದ ಕೆಳಗೆ ಬಿದ್ದ ತುಂಡು ನೂಲನ್ನೂ ಆಯ್ದು, ಆಗಾಗ ತಂದು ಒಪ್ಪಿಸುತ್ತಿದ್ದವರು. ತಂದಷ್ಟೂ ಸಲ ಲೆಕ್ಕದಲ್ಲಿ ಕಡಿತ. ತುಂಡು ನೂಲನ್ನು ಮನೆಯಲ್ಲೇ ಗುಡ್ಡೆ ಹಾಕಿ ಒಂದೇ ಸಲಕ್ಕೆ ತಂದವರಿಗೆ ಕಡಿತವೂ ಒಂದೇ ಸಲ, ಅವರು ಸಾಚಾ ಆಗಿ ಉಳಿದರು.

ನಕಲಿಯನ್ನು ತೆಗೆದು ನೋಡಿದಾಗ ತಪ್ಪು ತಿಳಿದು ಸರಿಪಡಿಸಿದ ದಿನ ಸೆಂಟರಿನ ಮಾಲೀಕ ಪಾಲಾಕ್ಷ ಹೇಳಿದ್ದು ಇಷ್ಟೇ: "ಸರಿ ಮಾಡಿದ್ಯಲ್ಲ, ಸುಮ್ನಿರಮ್ಮ. ಹೊರಗೆ ಗೊತ್ತಾದ್ರೆ ನಮಗ್ಯಾರು ಕೆಲ್ಸ ಕೊಡ್ತಾರೆ?" ಶಾಂತಕುಮಾರಿ ಸುಮ್ಮನಿರಲಿಲ್ಲ. ಭಾನುವಾರ ಬಸ್ಸು ಹತ್ತಿ ಸಂಘಕ್ಕೆ ಹೋಗಿ ಹೇಳಿದರು. ಮುಗಿದ ಕತೆ ಈಗೇಕೆ ಎಂದು ಅಲ್ಲಿನವರು ಚಹಾ ಕುಡಿಸಿ ಕಳಿಸಿದರು. ಪಾಲಾಕ್ಷರು ಬೇರೆ ಕೆಲಸ ನೋಡಿಕೋ ಎಂದಿದ್ದಾರೆ. ಇಂಥ ಮಾನಗೇಡಿತನಕ್ಕೆ ಏನನ್ನಬೇಕೋ ನನಗೆ ತಿಳಿಯದು.

ಅದೇ ಭಾನುವಾರ ಅವರು ಉಚ್ಚಂಗೆಮ್ಮನನ್ನೂ ಕಂಡು ತಪ್ಪೊಪ್ಪಿಕೊಂಡಿದ್ದಾರೆ. ಉಚ್ಚಂಗೆಮ್ಮ ಈಗ ಬೇರೆಯವರ ಮನೆಯಲ್ಲಿ ನೂಲು ಸುತ್ತುವ ಕೂಲಿ. ತಲೆ ಎತ್ತದೆ ಅಂದರಂತೆ: "ಕದ್ದಿಲ್ಲ ಅಂತ ನಂಗೆ ಗೊತ್ತೇ ಐತಲ್ಲವ್ವ. ನಂಗ್ಯಾಕೆ ಹೇಳ್ತೀಯ, ಊರಿಗೆ ಹೇಳು."

ಫೋಟೋಕ್ಕೆ ನಿಲ್ಲಿ ಎಂದರೆ ಶಾಂತಕುಮಾರಿ ಒಪ್ಪುವುದಿಲ್ಲ. "ನಂದು ಬ್ಯಾಡ್ರಿ. ಆ ಜಾಗದಲ್ಲಿ ಉಚ್ಚಂಗೆಮ್ಮ ಕದ್ದಿಲ್ಲ ಅಂತ ದಪ್ಪಕ್ಷರದಾಗೆ ಹಾಕ್ರಿ."