ಹೊರೆ ಹಾಯದ ಗೇಟು

ಸಿಟ್ಟು ಆರಿದ ಮೇಲೆ ಬರೆಯಬೇಕು ಅನ್ನುತ್ತಾರೆ. ನನ್ನ ಸಿಟ್ಟು ಆರುವ ಲಕ್ಷಣ ಕಾಣುತ್ತಿಲ್ಲ, ಅದಕ್ಕೇ ಈಗಲೇ ಬರೆಯುತ್ತಿದ್ದೇನೆ.

ರಾಣೆಬೆನ್ನೂರಿನಲ್ಲಿ ನಮ್ಮ ಓಣಿ ದಾಟಿ, ಗೋವಿನಜೋಳದ ಹೊಲಗಳನ್ನು ದಾಟಿದರೆ ಸರ್ಕಾರದ ಕಾಡು. ಕಾಡು ಅಂದರೆ ಮುಗಿಲು ಮುಚ್ಚುವಂಥದ್ದಲ್ಲ. ಸಾಲು ಹಿಡಿದು ನಿಂತ ನೀಲಗಿರಿ, ನಡುನಡುವೆ ಜಾಲಿ, ಕವಳಿ ಕಂಟಿ, ಬಾರಿ ಕಂಟಿ ಅನ್ನುವ ಮುಳ್ಳುಪೊದೆಗಳು, ಉಳಿದದ್ದೆಲ್ಲ ಹುಲ್ಲು. ನಸುಕಿನಲ್ಲಿ ಹೋದರೆ ದೂರದಲ್ಲಿ ಚಿಗರಿಗಳು, ಅಂದರೆ ಕೃಷ್ಣಮೃಗಗಳು, ಕಿವಿ ನಿಮಿರಿಸಿ ನಿಂತಿರುತ್ತವೆ. ಆಚೆ ಕಡೆಯ ಹಳ್ಳಿಯಿಂದ ನಮ್ಮೂರಿಗೆ ಈ ಕಾಡಿನೊಳಗೆ ಒಂದು ಕಾಲುದಾರಿ ಇದೆ. ಅದನ್ನು ಯಾರೂ ಮಾಡಿದ್ದಲ್ಲ. ಕುರಿ ಕಾಯುವವರು, ಒಣ ಕಟ್ಟಿಗೆ ಹೊರುವ ಹೆಂಗಸರು ತುಳಿದು ತುಳಿದು ಆದದ್ದು.

ನಾನು ಮನೆಯಲ್ಲೇ ಜಂಪರು ಹೊಲಿಯುವವಳು. ಸಕ್ಕರೆ ಕಾಯಿಲೆ ಬಂದು ಡಾಕ್ಟರು ನಡೆಯಿರಿ ಅಂದಾಗ ಈ ದಾರಿ ಹಿಡಿದೆ. ನಾನು ಹೋಗುವ ಹೊತ್ತಿಗೆ ಆ ಹೆಂಗಸರು ಹೊರೆ ಹೊತ್ತು ಎದುರಿಗೆ ಬರುತ್ತಿದ್ದರು. ಅವರಲ್ಲಿ ಹಿರಿಯಳೊಬ್ಬಳನ್ನು ಎಲ್ಲರೂ ಅವ್ವ ಅನ್ನುತ್ತಿದ್ದರು, ನಾನೂ ಹಾಗೇ ಅಂದೆ. ಮೆಣಸಿನಕಾಯಿ ಸುಗ್ಗಿಯಲ್ಲಿ ಟೆಂಪೋ ಹತ್ತಿ ಬ್ಯಾಡಗಿಗೆ ಹೋಗಿ ಕಾಯಿಯ ತೊಟ್ಟು ಬಿಡಿಸುತ್ತಿದ್ದಳು, ಉಳಿದ ದಿನ ಕಟ್ಟಿಗೆ. ನಾಲಿಗೆ ಮಾತ್ರ ಅವಳ ಕಾಯಿಗಿಂತ ಖಾರ. ಸೀರೆಯ ಕೆಳಗೆ ನನ್ನ ಬೂಟು ನೋಡಿದ ಮೊದಲನೇ ದಿನವೇ ಅಂದಳು:

“ಏನ್ರೀ ಅಕ್ಕಾರ, ಪೊಲೀಸ್ ನೌಕ್ರಿ ಸಿಕ್ಕೈತೇನ್ರಿ?”

ನಕ್ಕೆ. ಅಂದಿನಿಂದ ಪರಿಚಯ. ಹಣ್ಣಿನ ಕಾಲಕ್ಕೆ ಸೆರಗಿನ ಗಂಟು ಬಿಚ್ಚಿ ಕವಳಿಹಣ್ಣು ಕೊಡುತ್ತಿದ್ದಳು. “ಸಕ್ರಿ ಐತಿ ಅಂತ ಬಿಟ್ಟೀರಿ ಮತ್ತ, ಇದಕ್ಕೇನೂ ಆಗಂಗಿಲ್ಲ” ಅನ್ನುತ್ತಿದ್ದಳು.

ಒಂದು ವರ್ಷ ಮಳೆ ಬಿರುಸಾಗಿ ದಾರಿಯೆಲ್ಲ ಕೊಚ್ಚಿಹೋಯಿತು. ಕಾಲಿಡಲು ಜಾಗವಿಲ್ಲದಂತೆ ಕೊರಕಲು ಬಿದ್ದವು. ಬೆಳಗಿನ ತಿರುಗಾಟದವರನ್ನು ಕೂಡಿಸಿ, ನಾವೇ ಸರಿ ಮಾಡೋಣ ಅಂದವರು ನಮ್ಮ ಮನೆಯವರು. ಪೇಟೆಯಲ್ಲಿ ಅವರದು ಹಾರ್ಡ್‌ವೇರ್ ಅಂಗಡಿ, ಸಲಿಕೆ ಗುದ್ದಲಿಗೆ ಕೊರತೆಯಿಲ್ಲ. ನಿವೃತ್ತ ಬ್ಯಾಂಕ್ ಮ್ಯಾನೇಜರರೊಬ್ಬರು ಬಂದರು, ಇಬ್ಬರು ಮಾಸ್ತರರು ಬಂದರು, ವೆಲ್ಡಿಂಗ್ ಅಂಗಡಿಯ ಚಾಚಾ ಬಂದರು. ಕಾಡಿನ ಗಾರ್ಡ್ “ಗಿಡ ಕಡೀಬ್ಯಾಡ್ರಿ, ಕಂಟಿ ಸವರ್ರಿ ಸಾಕು” ಅಂತ ಬಾಯಿಮಾತಿನ ಪರವಾನಗಿ ಕೊಟ್ಟ. ಪ್ರತಿ ಭಾನುವಾರ ಕೆಲಸ. ಮುಳ್ಳು ಸವರುವುದು, ಕೊರಕಲಿಗೆ ಗರಸು ಮಣ್ಣು ತುಂಬುವುದು, ಮಳೆನೀರು ಪಕ್ಕಕ್ಕೆ ಹೋಗಲೆಂದು ಅಡ್ಡಡ್ಡ ಕಲ್ಲು ಹೂಳುವುದು. ನಾನೂ ಬುಟ್ಟಿ ಹೊತ್ತೆ. ಆ ಹೆಂಗಸರೂ ಹೊರೆ ಇಳಿಸಿ, ಒಂದಿಷ್ಟು ಕಲ್ಲು ಎತ್ತಿಕೊಟ್ಟು ಮುಂದೆ ಹೋಗುತ್ತಿದ್ದರು. ಸುಖವಾದ ದಿನಗಳು ಅವು. ಅದನ್ನು ಸುಳ್ಳು ಅನ್ನಲಾರೆ.

ಪತ್ರಿಕೆಯವನೊಬ್ಬ ಫೋಟೋ ತೆಗೆಯಲು ಬಂದ ದಿನ ಎಲ್ಲರೂ ಸಾಲಾಗಿ ನಿಂತೆವು. ಅವ್ವನೂ ಅವಳ ಜೊತೆಯವರೂ ಬಂದು ನಿಂತರು. ಮ್ಯಾನೇಜರರು ಕೈಬೀಸಿ “ನೀವು ಸ್ವಲ್ಪ ಆಚೆ ಸರೀರಿ ಅವ್ವಾರ, ಸ್ವಯಂಸೇವಕರದು ಅಷ್ಟ ಬೇಕಂತ” ಅಂದರು. ಹೆಂಗಸರು ಸರಿದರು. ನನಗೆ ಅದು ಮುಳ್ಳಿನಂತೆ ಚುಚ್ಚಿತು. ಮನೆಗೆ ಬಂದು ಹೇಳಿದರೆ ನಮ್ಮವರು “ಅಷ್ಟಕ್ಕ ಏನ ಮಾಡ್ತಿ, ಬಿಡು” ಅಂದರು.

ದಾರಿ ಹಸನಾದ ಮೇಲೆ ಮೋಟಾರ್ ಸೈಕಲ್ಲಿನವರು ಬಂದರು. ಊರಿನ ಉಳ್ಳವರ ಮಕ್ಕಳೇ. ಹಸಿ ನೆಲದಲ್ಲಿ ಗಾಲಿ ತಿರುಗಿಸಿ, ನಾವು ತುಂಬಿದ ಗರಸನ್ನೆಲ್ಲ ಕಿತ್ತು ಹಾಕಿದರು. ಅವರನ್ನು ತಡೆಯಬೇಕಿತ್ತು, ಖರೇ. ಆಗ ನಾನು ಊರಲ್ಲಿರಲಿಲ್ಲ. ನನ್ನ ಹೆತ್ತವ್ವನಿಗೆ ಕಣ್ಣಿನ ಆಪರೇಶನ್ ಆಗಿ, ನಾನು ಗುತ್ತಲದ ತವರಿನಲ್ಲಿದ್ದೆ. ತಿರುಗಿ ಬಂದು ನೋಡಿದರೆ ದಾರಿಯ ಬಾಯಿಗೆ ಕಬ್ಬಿಣದ ಗೇಟು. ಪೈಪನ್ನು ಸೊಟ್ಟಸೊಟ್ಟವಾಗಿ ಜೋಡಿಸಿ, ಒಬ್ಬರೇ ಮೈ ಓರೆ ಮಾಡಿಕೊಂಡು ನುಸುಳುವಷ್ಟು ಸಂದಿ. ಎರಡೂ ಬದಿಗೆ ಮುಳ್ಳುತಂತಿ. ಪೈಪು ನಮ್ಮ ಅಂಗಡಿಯದು, ಬೆಸುಗೆ ಚಾಚಾನದು.

“ಇದರಾಗ ಹೊರಿ ಹೆಂಗ ಹಾಯ್ತೈತಿ?” ಅಂದೆ.

“ಹೊರಿ ಇಳಿಸಿ, ಆಚೆ ಒಗದು, ತಾವು ಬಂದು ಮತ್ತ ಹೊತ್ಕೋತಾರ,” ಅಂದರು ನಮ್ಮವರು, ಗೇಟಿಗೆ ಬಳಿದ ಹಸಿರು ಬಣ್ಣವನ್ನು ಬೆರಳಿನಿಂದ ಮುಟ್ಟಿ ನೋಡುತ್ತ.

ಕಟ್ಟಿಗೆ ಹೊರೆಯನ್ನು ಒಬ್ಬಳೇ ತಲೆಗೇರಿಸಲು ಆಗುವುದಿಲ್ಲ ಅನ್ನುವುದು ಹೊತ್ತವರಿಗೆ ಗೊತ್ತು. ಎತ್ತಿಕೊಡಲು ಇನ್ನೊಬ್ಬಳು ಬೇಕು. ಹೇಳಿದೆ. ಕೇಳಲಿಲ್ಲ.

ಕೆಲವೇ ದಿನಗಳಲ್ಲಿ ಅದು ಆಯಿತು. ನಾನು ಗೇಟಿನ ಹತ್ತಿರ ಬರುವಾಗ ಅವ್ವ ಒಬ್ಬಳೇ ಇದ್ದಳು, ಜೊತೆಯವರು ಹಿಂದೆ ಉಳಿದಿದ್ದರು. ಇಳಿಸಿದರೆ ಮತ್ತೆ ಎತ್ತುವವರಿಲ್ಲ ಅಂತ ಹೊರೆ ಹೊತ್ತೇ, ಓರೆಯಾಗಿ ಸಂದಿಯಲ್ಲಿ ಕಾಲಿಟ್ಟಳು. “ತಡೀ ಅವ್ವಾ, ಬಂದೆ” ಅಂತ ಕೂಗಿದೆ. ಕಟ್ಟಿಗೆಯ ತುದಿ ಪೈಪಿಗೆ ತಗುಲಿತು, ಹೊರೆ ತಿರುಗಿತು, ಅವಳನ್ನೂ ತಿರುಗಿಸಿತು. ಬಲಗೈ ಪೈಪಿನ ನಡುವೆ ಸಿಕ್ಕ ಹಾಗೇ ಅವಳು ಹಿಂದಕ್ಕೆ ಬಿದ್ದಳು. ಮೂಳೆ ಮುರಿದ ಸಪ್ಪಳ ನನಗೆ ಕೇಳಿಸಿತು. ನಾನು ಹೋಗಿ ಹಿಡಿದಾಗ ಅವಳು ಅಳಲಿಲ್ಲ, ಗೇಟಿನ ಕಡೆ ನೋಡಿ ಬೈದಳು. ಬರೆಯಲು ಬಾರದ ಬೈಗುಳ.

ಆಟೋದಲ್ಲಿ ಕೂಡಿಸಿ ದವಾಖಾನೆಗೆ ಒಯ್ದೆ. ಮಣಿಕಟ್ಟು ಮುರಿದಿತ್ತು. ಪಟ್ಟಿ ಕಟ್ಟಿದರು. ಮೆಣಸಿನಕಾಯಿ ಸುಗ್ಗಿ ಬಾಗಿಲಲ್ಲೇ ಇತ್ತು. ತೊಟ್ಟು ಬಿಡಿಸುವುದು ಬಲಗೈಯ ಕೆಲಸ. ಅವಳು ಕೇಳಿದ್ದು ಒಂದೇ ಮಾತು: “ಸುಗ್ಗಿ ಮುಗಿಯೂದ್ರಾಗ ಬಿಚ್ತಾರೇನ್ರಿ ಇದನ್ನ?”

ಸಂಜೆ ನಮ್ಮ ಗುಂಪಿನ ವಾಟ್ಸಾಪ್‌ನಲ್ಲಿ ಮ್ಯಾನೇಜರರ ಸಂದೇಶ ಬಂದಿತ್ತು. ಕಟ್ಟಿಗೆಯವರಿಂದ ಗೇಟಿನ ಬಣ್ಣ ಕೆತ್ತಿಹೋಗಿದೆ, ದಯವಿಟ್ಟು ಅವರಿಗೆ ತಿಳಿಹೇಳಿ ಅಂತ. ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು.

ಭಾನುವಾರ ಕೆಲಸ ಮುಗಿಸಿ ಎಲ್ಲರೂ ಚಹಾ ಕುಡಿಯುತ್ತಿದ್ದಾಗ ನಾನು ಎದ್ದು ನಿಂತೆ. “ಒಬ್ಬಾಕಿ ಕೈ ಮುರಕೊಂಡಾಳ. ನಿಮಗ ಬಣ್ಣದ ಚಿಂತಿ. ಗೇಟು ತಗೀರಿ,” ಅಂದೆ.

“ಅಕ್ಕಾರ, ಭಾವನೆಗೆ ಒಳಗಾಗಬ್ಯಾಡ್ರಿ,” ಅಂದರು ಮ್ಯಾನೇಜರರು. “ಒಬ್ಬರ ಸಲುವಾಗಿ ಗೇಟು ತಗದ್ರ ನಾಳೆ ಗಾಡಿಯವ್ರು ಬರ್ತಾರ.”

“ಗಾಡಿಯವ್ರನ್ನ ತಡಿಯಾಕ ಗಾಡಿಯವ್ರ ಅಪ್ಪಗೋಳ ಮನಿಗೆ ಹೋಗಿ ಮಾತಾಡ್ರಿ. ಅವ್ರೆಲ್ಲ ನಿಮ್ಮ ಗೆಳೆಯರ ಅದಾರಲ್ಲ? ಅಲ್ಲಿ ಹೋಗಾಕ ಧೈರ್ಯ ಇಲ್ಲ, ಅದಕ್ಕ ಈ ಹೆಣ್ಮಕ್ಕಳ ದಾರಿಗೆ ಪೈಪ್ ಹಾಕೀರಿ!”

ಮಾಸ್ತರರಿಬ್ಬರೂ ಚಹಾ ಲೋಟದೊಳಗೆ ನೋಡಿದರು. ಆಗ ನಮ್ಮ ಮನೆಯವರು ಬಾಯಿ ಬಿಟ್ಟರು. ತಾಳ್ಮೆಯಿಂದಲೇ, ಗಿರಾಕಿಗೆ ಮೊಳೆಯ ಅಳತೆ ತಿಳಿಸುವ ಹಾಗೆ ಅಂದರು: “ನೋಡು, ಅವ್ರು ಕಾಡು ಬಳಸ್ತಾರ. ನಾವು ಉಳಸ್ತೇವಿ. ಫರಕ್ ಐತಿ.”

ಮದುವೆಯಾದಾಗಿನಿಂದ ಅವರ ಮೇಲೆ ಸಿಟ್ಟಾಗಿದ್ದೇನೆ, ತಣ್ಣಗಾಗಿದ್ದೇನೆ, ಅದೆಲ್ಲ ಸಂಸಾರ. ಈ ಮಾತಿನಷ್ಟು ಯಾವುದೂ ನನ್ನ ಮೈ ಉರಿಸಿಲ್ಲ. ನಾವು ತಿರುಗಾಡಿ ಸಕ್ಕರೆ ಇಳಿಸಿಕೊಳ್ಳುವುದು ಬಳಸಿದ್ದಲ್ಲವಂತೆ. ಚಿಗರಿಯ ಫೋಟೋ ಹಿಡಿದು ಸ್ಟೇಟಸ್ ಹಾಕುವುದು ಬಳಸಿದ್ದಲ್ಲವಂತೆ. ಬಿದ್ದ ಕಟ್ಟಿಗೆ ಆರಿಸಿ ಅನ್ನ ಬೇಯಿಸಿಕೊಂಡರೆ ಮಾತ್ರ ಬಳಸಿದ್ದು.

ಗಾರ್ಡ್‌ನನ್ನು ಕೇಳಿದೆ. “ನಾ ಹಾಕಿದ್ದಲ್ರಿ, ನಾ ಹೆಂಗ ತಗೀಲಿ?” ಅಂದ. ಚಾಚಾನ ಅಂಗಡಿಗೆ ಹೋಗಿ, ನೀವೇ ಕೂಡಿಸಿದ್ದನ್ನು ನೀವೇ ಬಿಡಿಸಿಕೊಡಿ ಅಂದೆ. ಅವರು ಕನ್ನಡಕ ತೆಗೆದು ಒರೆಸುತ್ತ, “ಬೇಟಿ, ನಿಮ್ಮ ಯಜಮಾನ್ರು ಒಂದು ಮಾತು ಹೇಳ್ಲಿ, ಈಗಿಂದೀಗ ಕೊಯ್ತೀನಿ. ಅವ್ರ ಅಂಗಡಿಂದ ನನ್ನ ಧಂದೆ ನಡೀತೈತಿ” ಅಂದರು. ಅವರ ಕಷ್ಟ ನನಗೆ ತಿಳಿಯಲಿಲ್ಲ ಅಂತಲ್ಲ. ಆದರೂ ಸಿಟ್ಟು ಬಂತು. ಎಲ್ಲರಿಗೂ ಇನ್ನೊಬ್ಬರ ಅಪ್ಪಣೆ ಬೇಕು, ಆ ಕೈ ಮುರಿಯಲು ಮಾತ್ರ ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ.

ಮುಂದಿನ ಭಾನುವಾರ ನಮ್ಮ ಅಂಗಡಿಯಿಂದಲೇ ಕಬ್ಬಿಣ ಕೊಯ್ಯುವ ಗರಗಸ ತೆಗೆದುಕೊಂಡು ಹೋದೆ. ಕದ್ದು ಹೋಗಲಿಲ್ಲ. ತಿರುಗಾಟದವರೆಲ್ಲ ಬರುವ ಹೊತ್ತಿಗೇ ಹೋದೆ. ಕಟ್ಟಿಗೆಯ ಹೆಂಗಸರಲ್ಲಿ ಇಬ್ಬರು ನಿಂತು ಪೈಪು ಅಲುಗದಂತೆ ಹಿಡಿದರು. ಜಂಪರು ಹೊಲಿದ ಕೈಗೆ ಕಬ್ಬಿಣ ಎಲ್ಲಿ ಒಗ್ಗೀತು? ಬ್ಲೇಡು ಮುರಿಯಿತು. ಇನ್ನೊಂದು ಹಾಕಿದೆ. ಅಂಗೈಯಲ್ಲಿ ಗುಳ್ಳೆ ಎದ್ದು ಒಡೆದವು. ಜನ ಸೇರಿದರು. ಕೆಲವರು ಮೊಬೈಲ್ ಎತ್ತಿ ವಿಡಿಯೋ ಮಾಡಿದರು. ಒಬ್ಬರೂ ಹಿಡಿಯಲು ಬರಲಿಲ್ಲ, ಒಬ್ಬರೂ ತಡೆಯಲೂ ಇಲ್ಲ.

ನಮ್ಮ ಮನೆಯವರು ಬಂದರು. “ಏನ ಮಾಡಾಕತ್ತೀದಿ?”

“ಕಾಣಾಕತ್ತೈತೆಲ್ಲ.”

“ಮಂದಿ ನೋಡಾಕತ್ತಾರ. ನಡಿ ಮನಿಗೆ.”

“ನೋಡ್ಲಿ. ಅಕಿ ಬಿದ್ದಾಗ ನೋಡಾಕ ನನ್ನ ಬಿಟ್ಟು ಯಾರೂ ಇರ್ಲಿಲ್ಲ. ಈಗರ ನೋಡ್ಲಿ.”

ಅವರು ಬೆನ್ನು ತಿರುಗಿಸಿ ಹೋದರು. ಪೈಪು ಬಿದ್ದಾಗ ಹೆಂಗಸರಿಬ್ಬರೂ ಅದನ್ನು ಎತ್ತಿ ಕಂಟಿಯೊಳಗೆ ಎಸೆದರು. ಗೆದ್ದ ಸಂತೋಷ ಏನೂ ಇರಲಿಲ್ಲ. ಇಷ್ಟು ಸಣ್ಣ ಕೆಲಸಕ್ಕೆ ಇಷ್ಟು ಕೂಗಾಡಬೇಕಾಯಿತಲ್ಲ ಅಂತ ಮತ್ತಷ್ಟು ಉರಿಯಿತು.

ನನ್ನನ್ನು ಗುಂಪಿನಿಂದ ತೆಗೆದರು. ಮ್ಯಾನೇಜರರು ಹಾವೇರಿಗೆ ಹೋಗಿ ಅರಣ್ಯ ಇಲಾಖೆಯ ಮೇಲಿನ ಸಾಹೇಬರಿಗೆ ದೂರು ಕೊಟ್ಟರು. ಆ ಸಾಹೇಬರು, ಸರ್ಕಾರದ ಕಾಡಿನಲ್ಲಿ ಗೇಟು ಹಾಕಲು ನಿಮಗೆ ಯಾರು ಹೇಳಿದರು ಅಂತ ಅವರನ್ನೇ ಕೇಳಿದರಂತೆ. ಇಲಾಖೆಯವರೇ ಬಂದು ಉಳಿದ ಪೈಪನ್ನೂ ಕಿತ್ತರು. ಮೋಟಾರ್ ಸೈಕಲ್ಲುಗಳು ತಿರುಗಿ ಬಂದವು, ಸುಳ್ಳು ಯಾಕೆ ಹೇಳಲಿ. ಅದಕ್ಕೂ ಗುಂಪಿನವರು ನನ್ನನ್ನೇ ಬೈದರು. ಗಾಡಿಯ ಹುಡುಗರ ಮನೆಗಳಿಗೆ ನಾನೇ ಹೋದೆ. ಒಂದು ಮನೆಯಲ್ಲಿ ಚಹಾ ಕೊಟ್ಟು ಕೇಳಿಸಿಕೊಂಡರು, ಇನ್ನೊಂದರಲ್ಲಿ “ನಿಮ್ಮ ಯಜಮಾನ್ರನ್ನ ಕಳಸ್ರಿ” ಅಂದರು. ಗಾಡಿಗಳು ಕಡಿಮೆಯಾದವು, ನಿಲ್ಲಲಿಲ್ಲ. ಮಳೆಗಾಲ ಮುಗಿದ ಮೇಲೆ ಕೊರಕಲು ತುಂಬಲು ನಾನು ಮತ್ತೆ ಬುಟ್ಟಿ ಹಿಡಿದು ಹೋದೆ. ಮಾಸ್ತರರಲ್ಲಿ ಒಬ್ಬರು ಬಂದು ಸಲಿಕೆ ಹಿಡಿದರು. ಹೆಂಗಸರು ಬಿಡುವಿದ್ದ ದಿನ ಬಂದರು, ಇಲ್ಲದ ದಿನ ಬರಲಿಲ್ಲ.

ಮನೆಯಲ್ಲಿ ನಾವು ಕಾಳು ಕಡಿ, ಕರೆಂಟು, ಬೀಗರು, ಎಲ್ಲದರ ಬಗ್ಗೆ ಮಾತಾಡುತ್ತೇವೆ. ಕಾಡಿನ ಸುದ್ದಿ ಎತ್ತುವುದಿಲ್ಲ.

ಅವ್ವನ ಕೈ ಕೂಡಿತು, ಆದರೆ ಸೊಟ್ಟಗೆ. ಸುಗ್ಗಿ ಹೋಯಿತು. ಮೊನ್ನೆ ಅವಳ ಮನೆಗೆ ಹೋದಾಗ ಬಾಗಿಲ ಮುಂದೆ ಕುಳಿತು ಎಡಗೈಯಲ್ಲಿ ಕಾಳು ಹಸನು ಮಾಡುತ್ತಿದ್ದಳು.

“ನಿಮ್ಮ ಯಜಮಾನ್ರು ಬಂದಿದ್ರು,” ಅಂದಳು.

ನನಗೆ ಗೊತ್ತಿರಲಿಲ್ಲ. “ಯಾವಾಗ? ಏನಂದ್ರು?”

“ಹಣ್ಣು ತಂದಿದ್ರು. ಕೈ ಹೆಂಗ ಐತಿ ಅಂತ ಕೇಳಿದ್ರು. ತಪ್ಪಾತು ಅಂತ ಅನ್ನಾಕ ಬಂದಿದ್ರು ಅನಸ್ತೈತಿ, ಬಾಯಿಗೆ ಬರ್ಲಿಲ್ಲ.” ಕಾಳಿನೊಳಗಿಂದ ಒಂದು ಹರಳು ಆರಿಸಿ ಎಸೆದಳು. “ನಾ ಒಳಗ ಕರೀಲಿಲ್ರಿ ಅಕ್ಕಾರ. ಕುಂದ್ರಿ ಅಂತ್ಲೂ ಅನ್ನಲಿಲ್ಲ. ಸಿಟ್ಟ ಮಾಡಬ್ಯಾಡ್ರಿ.”

“ಛಲೋ ಮಾಡೀರಿ,” ಅಂದೆ. ಅವಳ ಪಕ್ಕದಲ್ಲಿ ಕುಳಿತು ಮೊರವನ್ನು ನನ್ನ ಕಡೆ ಎಳೆದುಕೊಂಡೆ.