ಅವರೆಕಾಳಿನ ಕಂಪನಿ

ನಮ್ಮ ಕಡೆ ಕಂಪನಿ ಎಂದರೆ ಜನಕ್ಕೆ ಮೊದಲು ನೆನಪಾಗುವುದು ಮುಚ್ಚಿಹೋದ ಚಿನ್ನದ ಗಣಿ. ರೈತರೆಲ್ಲ ಸೇರಿ ಒಂದು ಕಂಪನಿ ಮಾಡೋಣ, ಅವರೆಕಾಯಿಯನ್ನು ಮಂಡಿಗೆ ಹಾಕದೆ ನಾವೇ ಬೆಂಗಳೂರಿಗೆ ಮಾರೋಣ ಎಂದು ನಾನು ಕ್ಯಾಸಂಬಳ್ಳಿ ಸುತ್ತಿನ ಊರುಗಳಲ್ಲಿ ಮನೆಮನೆ ತಿರುಗುತ್ತಿದ್ದಾಗ ಜಗಲಿಯ ಮೇಲೆ ಕೂತಿದ್ದ ಮುದುಕರೊಬ್ಬರು ಕೇಳಿದರು: “ಅಲ್ಲಮ್ಮ, ಅಗೋ ಅಲ್ಲಿ ಗುಡ್ಡದಂಗೆ ಬಿದ್ದೈತಲ್ಲ ಗಣಿ ಸಯನೈಡು ಮಣ್ಣು, ಅದೂ ಒಂದು ಕಂಪ್ನೀನೇ ಅಲ್ವಾ? ಏನಾಯ್ತು ಅದು?”

ಜೊತೆಗಿದ್ದ ಮೇಷ್ಟ್ರು, “ಅದು ಬೇರೆಯೋರ ಕಂಪನಿ. ಇದು ನಿಮ್ದೇ,” ಎಂದರು.

ಮೇಷ್ಟ್ರು ಶಾಲೆಯಿಂದ ನಿವೃತ್ತರಾಗಿ ಬೇಸಾಯಕ್ಕೆ ಇಳಿದವರು. ಅವರೇ ಅಧ್ಯಕ್ಷರಾದರು. ನಿರ್ದೇಶಕರಲ್ಲಿ ಹೆಂಗಸರೂ ಇರಬೇಕು ಎಂದು ಇಲಾಖೆಯವರು ಹೇಳಿದ್ದರಿಂದ ಪಿಯುಸಿ ಓದಿದ್ದ ನನ್ನನ್ನು ಸೇರಿಸಿಕೊಂಡರು. ದಿನಾ ಡೇರಿಗೆ ಹಾಲು ಹಾಕಲು ಹೋಗುತ್ತಿದ್ದವಳಾದ್ದರಿಂದ ನಾಲ್ಕು ಜನರ ಎದುರು ಮಾತಾಡಲು ನನಗೆ ಸಂಕೋಚವಿರಲಿಲ್ಲ. ಬಂಗಾರಪೇಟೆ ರಸ್ತೆಯಲ್ಲಿ ಖಾಲಿ ಬಿದ್ದಿದ್ದ ರೇಷ್ಮೆಹುಳು ಮನೆಯೊಂದನ್ನು ಬಾಡಿಗೆಗೆ ಹಿಡಿದು, ಸುಣ್ಣ ಬಳಿದು, ಬೋರ್ಡು ಹಾಕಿದೆವು.

ಮೊದಲ ಸುಗ್ಗಿಯಲ್ಲೇ ಏಟು ಬಿತ್ತು. ಬೆಂಗಳೂರಿನ ವ್ಯಾಪಾರಿಗೆ ಒಂದು ಲಾರಿ ಅವರೆಕಾಯಿ ಕಳಿಸುತ್ತೇವೆ ಎಂದು ಮಾತು ಕೊಟ್ಟಿದ್ದೆವು. ಸುದ್ದಿ ತಿಳಿದ ಮಂಡಿಯವರು ಅದೇ ದಿನ ಬೆಲೆ ಏರಿಸಿದರು. ನಮ್ಮ ಸದಸ್ಯರು ಮೂಟೆಗಳನ್ನು ಕಟ್ಟಿಕೊಂಡು ನಮ್ಮ ಬಾಗಿಲ ಮುಂದೆಯೇ ಹಾದು ಮಂಡಿಗೆ ಹೋದರು. ಅವರಲ್ಲಿ ನನ್ನ ಗಂಡನ ಅಣ್ಣನೂ ಒಬ್ಬರು. ಸಂಜೆ ನಾನು ಕೇಳಿದಾಗ ಭಾವ ಎಮ್ಮೆಗೆ ಹುಲ್ಲು ಹಾಕುತ್ತಲೇ, “ನಾಳೆ ನಿಮ್ ಕಂಪ್ನಿ ಇರ್ತೈತೋ ಇಲ್ವೋ. ಮಂಡಿಯೋನು ನಮ್ಮಪ್ಪನ ಕಾಲದಿಂದ ಅವ್ನೆ,” ಎಂದರು.

ಲಾರಿ ತುಂಬಲಿಲ್ಲ. ಅರೆಬರೆ ಸರಕು ಬೇಡ ಎಂದು ವ್ಯಾಪಾರಿ ಫೋನಿಟ್ಟ. ಬಂದಷ್ಟು ಕಾಯಿ ಶೆಡ್ಡಿನಲ್ಲಿ ಬಾಡತೊಡಗಿತು. ಕಾಯಿಯಾಗಿ ಹೋಗದ್ದನ್ನು ಕಾಳು ಬಿಡಿಸಿ, ನೆನೆಸಿ, ಸಿಪ್ಪೆ ಹಿಸುಕಿ ತೆಗೆದು ಹಿತಕಿದ ಬೇಳೆ ಮಾಡಿ ಮಾರೋಣ ಎಂದು ಮೇಷ್ಟ್ರು ಹೇಳಿದರು. ಹೊಲದ ಕೆಲಸದ ನಡುವೆ ಊರಿನ ಹೆಂಗಸರು ಯಾರೂ ಸಿಗಲಿಲ್ಲ. ಆಗ ಉರಿಗಾಂನ ಗಣಿ ಕಾರ್ಮಿಕರ ಲೈನಿನ ಮನೆಗಳಿಂದ ಕೆಲವರು ಬಂದರು. ಅವರನ್ನು ಒಟ್ಟುಮಾಡಿ ಕರೆತಂದವಳನ್ನು ನಾವೆಲ್ಲ ‘ಅಕ್ಕ’ ಎಂದೇ ಕರೆಯುತ್ತಿದ್ದೆವು.

ಅಕ್ಕನ ಗಂಡ ಗಣಿಯಲ್ಲಿ ಕೆಲಸ ಮಾಡಿ, ಗಣಿ ಮುಚ್ಚಿದ ಮೇಲೆ ಎದೆಯ ಕಾಯಿಲೆಯಲ್ಲಿ ತೀರಿಹೋಗಿದ್ದ. ಅವಳು ನಸುಕಿನಲ್ಲೇ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿನ ಮನೆಗಳಲ್ಲಿ ಪಾತ್ರೆ ತೊಳೆದು, ಕತ್ತಲಾದ ಮೇಲೆ ಹಿಂದಿರುಗುತ್ತಿದ್ದಳು. ನಮ್ಮಲ್ಲಿ ಕೆಲಸ ಸಿಕ್ಕಿದ್ದೇ ರೈಲಿನ ಓಡಾಟ ಬಿಟ್ಟಳು. ಮನೆಮಾತು ತಮಿಳು, ನನ್ನೊಡನೆ ಕನ್ನಡ. ಚಿಕ್ಕವರನ್ನೆಲ್ಲ ತಮಿಳಿನ ರೂಢಿಯಂತೆ ‘ಕಣ್ಣು’ ಎಂದು ಕರೆಯುತ್ತಿದ್ದಳು. “ಬೆಳಿಗ್ಗೆ ಬಿಸಿಲು ಬಿದ್ಮೇಲೆ ಮನೆ ಬಿಡೋದು ಎಷ್ಟು ಸುಖ ಗೊತ್ತಾ ಕಣ್ಣು?” ಎಂದಿದ್ದಳು ಒಮ್ಮೆ. ಅವರೆಯ ಸೊಗಡಿಗೆ ಅವಳ ಬೆರಳುಗಳು ಕಪ್ಪಾದವು. ಹಿತಕಿ ಹಿತಕಿ ಹೆಬ್ಬೆರಳಿನ ಚರ್ಮ ಬಿರಿಯಿತು. ಎಣ್ಣೆ ಹಚ್ಚಿಕೊಂಡು ಮತ್ತೆ ಕೂರುತ್ತಿದ್ದಳು.

ಆ ಬೇಳೆಯೇ ಕಂಪನಿಯನ್ನು ಉಳಿಸಿತು. ಬೆಂಗಳೂರಿನ ಅಂಗಡಿಗಳು ಮತ್ತೆ ಮತ್ತೆ ಕೇಳತೊಡಗಿದವು. ಮಂಡಿಗೆ ಹೋದವರೆಲ್ಲ ಒಬ್ಬೊಬ್ಬರಾಗಿ ವಾಪಸು ಬಂದರು, ಭಾವನೂ ಬಂದರು.

ಮುಂದಿನ ವರ್ಷದ ಸರ್ವಸದಸ್ಯರ ಸಭೆಯಲ್ಲಿ, ಬೇಳೆ ಮಾಡುವ ಹೆಂಗಸರಿಗೂ ಷೇರು ಕೊಟ್ಟು ಸದಸ್ಯರನ್ನಾಗಿ ಮಾಡಬೇಕು ಎಂದು ನಾನು ಕೇಳಿದೆ. ಅಕ್ಕನಿಗೆ ಮೊದಲೇ ಹೇಳಿದ್ದೆ. ಅವಳು ಮಗಳ ಮದುವೆಗೆ ತೆಗೆದಿದ್ದ ರೇಷ್ಮೆ ಸೀರೆ ಉಟ್ಟು, ಹೂ ಮುಡಿದು ಬಂದು ಬಾಗಿಲ ಪಕ್ಕ ನಿಂತಿದ್ದಳು.

ಮೊದಲು ಎದ್ದವರು ಭಾವ. “ಪಹಣಿ ಇಲ್ದೋರು ಎಂಗೆ ಮೆಂಬರಾಗ್ತಾರೆ? ಇದು ರೈತರ ಕಂಪ್ನಿ. ಕೂಲಿ ಕೊಡ್ತಿಲ್ವಾ?”

“ಬೇಳೆ ಮಾಡ್ದೆ ಇದ್ದಿದ್ರೆ ಕಂಪ್ನಿ ಎಲ್ಲಿರ್ತಿತ್ತು ಬಾವ?” ಎಂದೆ.

ನಾನು ಮೇಷ್ಟ್ರ ಮುಖ ನೋಡಿದೆ. ಅವರು ಕನ್ನಡಕ ತೆಗೆದು ಒರೆಸುತ್ತಾ, “ನಿಯಮ ಹಾಗಿದೆಯಮ್ಮ. ಬೆಳೆಯೋರಿಗೆ ಮಾತ್ರ,” ಎಂದರು. ಮುಂದಿನ ವಿಷಯಕ್ಕೆ ಹೋದರು. ನಾನು ತಿರುಗಿದಾಗ ಬಾಗಿಲ ಬಳಿ ಅಕ್ಕ ಇರಲಿಲ್ಲ.

ಮಾರನೆಯ ದಿನ ಎಂದಿನ ನೂಲಿನ ಸೀರೆಯಲ್ಲಿ ಬಂದು ತನ್ನ ಜಾಗದಲ್ಲಿ ಕೂತಳು. ನಾನು ಪಕ್ಕದಲ್ಲಿ ಕೂತು ಏನೋ ಹೇಳಹೊರಟೆ. “ಬಿಡು ಕಣ್ಣು,” ಎಂದಳು. “ನನ್ ಗಂಡ ಬದುಕೆಲ್ಲಾ ಭೂಮಿ ಒಳಗೇ ಇದ್ದ. ನಮ್ ಹೆಸರಿಗೆ ಒಂದ್ ಹಿಡಿ ಮಣ್ಣು ಆಗ್ಲಿಲ್ಲ. ನೀನೇನು ಮಾಡ್ತೀಯ?”

ಅದಾದ ಮೇಲೆ ಸಬ್ಸಿಡಿಯಲ್ಲಿ ಬೇಳೆ ಹಿತಕುವ ಯಂತ್ರ ಬಂತು. ಪೂಜೆ ಮಾಡಿ, ತೆಂಗಿನಕಾಯಿ ಒಡೆದು ಚಾಲೂ ಮಾಡಿದರು. ಅವತ್ತು ಹೆಂಗಸರು ಕೂರುತ್ತಿದ್ದ ಚಾಪೆಗಳನ್ನು ಸುತ್ತಿ ಮೂಲೆಗಿಟ್ಟಿದ್ದರು. ಇನ್ನು ಬರುವುದು ಬೇಡ ಎಂದು ಅವರಿಗೆ ಹೇಳುವುದನ್ನು ಮೇಷ್ಟ್ರು ನನಗೇ ವಹಿಸಿದರು. “ನೀವು ಹೇಳಿದ್ರೆ ಬೇಜಾರಾಗಲ್ಲ,” ಎಂದರು. ಹೇಳಿದೆ. ಯಾರೂ ಜಗಳವಾಡಲಿಲ್ಲ. ಒಬ್ಬಳು ಮಾತ್ರ ನನ್ನ ಮುಖ ನೋಡದೆ ತಮಿಳಿನಲ್ಲಿ ಏನೋ ಗೊಣಗಿದಳು. ಅಕ್ಕ ತನ್ನ ಊಟದ ಡಬ್ಬಿ ತೊಳೆದುಕೊಂಡು, ಬಸ್‌ ಸ್ಟಾಪಿನ ಕಡೆ ನಡೆದಳು.

ಈಗ ಕಂಪನಿಗೆ ಸ್ವಂತ ಗೋದಾಮು ಇದೆ. ಭಾವ ಉಪಾಧ್ಯಕ್ಷರು. ನಾನು ನಿರ್ದೇಶಕಿಯಾಗಿಯೇ ಇದ್ದೇನೆ. ಸಭೆಗಳಲ್ಲಿ ನಾನು ಮಾತಾಡುವುದು ಕಡಿಮೆಯಾಗಿದೆ.

ಹೋದ ಚಳಿಗಾಲದಲ್ಲಿ ಒಬ್ಬ ದೊಡ್ಡ ವ್ಯಾಪಾರಿಗೆ ಬೇಳೆಯ ಪೊಟ್ಟಣಗಳನ್ನು ತೋರಿಸಲು ಬೆಂಗಳೂರಿಗೆ ಹೊರಟೆ. ಬಂಗಾರಪೇಟೆಯಲ್ಲಿ ರೈಲಿನ ಹೆಂಗಸರ ಡಬ್ಬಿ ಹತ್ತಿದರೆ ಕಾಲಿಡಲು ಜಾಗವಿಲ್ಲ. ಯಾರೋ ನನ್ನ ಸೆರಗು ಎಳೆದರು. ನೋಡಿದರೆ ಅಕ್ಕ, ಕಿಟಕಿ ಪಕ್ಕ. ಬಹಳ ಇಳಿದುಹೋಗಿದ್ದಳು. ಒತ್ತಿಕೊಂಡು ಜಾಗ ಮಾಡಿದಳು.

“ಈ ವರ್ಷ ಅವರೆ ಎಂಗೈತೆ ಕಣ್ಣು?”

“ಚೆನ್ನಾಗೈತೆ ಅಕ್ಕ. ನೀನು?”

“ಮೊಣಕಾಲು ನೋವು. ಮೆಟ್ಲು ಅತ್ತೋಕಾಗಲ್ಲ,” ಎಂದಳು.

ಚೀಲದಿಂದ ಒಂದು ಪೊಟ್ಟಣ ತೆಗೆದು ಅವಳ ಮಡಿಲಲ್ಲಿಟ್ಟೆ. ಅವಳು ಅದನ್ನು ತಿರುಗಿಸಿ ನೋಡಿದಳು. “ನಾನ್ ಕೆಲಸ ಮಾಡೋ ಮನೇಲೂ ಇದೇ ತರಿಸ್ತಾರೆ. ನಾನೇ ಸಾರು ಮಾಡ್ತೀನಿ,” ಎಂದು ಮೆಲ್ಲಗೆ ನನ್ನ ಚೀಲಕ್ಕೇ ವಾಪಸು ಹಾಕಿದಳು. “ನೀನು ತೋರ್ಸೋಕೆ ಬೇಕಲ್ಲ. ಇಟ್ಕೋ.”

ಕೆ.ಆರ್. ಪುರಂನಲ್ಲಿ ಇಳಿದಳು. ಜನರ ನೂಕುನುಗ್ಗಲಿನಲ್ಲಿ ಮೇಲ್ಸೇತುವೆಯ ಮೆಟ್ಟಿಲಿನ ಕಂಬಿ ಹಿಡಿದು ಒಂದೊಂದೇ ಹೆಜ್ಜೆ ಹತ್ತುತ್ತಿದ್ದುದು ಕಿಟಕಿಯಿಂದ ಕಾಣುತ್ತಿತ್ತು. ಅವಳು ಅರ್ಧ ಹತ್ತುವ ಮೊದಲೇ ರೈಲು ಬಿಟ್ಟಿತು. ಆ ದಿನ ವ್ಯಾಪಾರಿ ನಮ್ಮ ಬೇಳೆಯನ್ನು ಒಪ್ಪಿಕೊಂಡ. ಫೋನಿನಲ್ಲಿ ಮೇಷ್ಟ್ರಿಗೆ ತಿಳಿಸಿದೆ. ಅವರು ತುಂಬ ಸಂತೋಷಪಟ್ಟರು.